ಅಪ್ಪ ಲಾಡ್ಜು ವಿಚಾರಿಸಿದ್ದು

ನಮ್ಮ ಅಪ್ಪ ಯಾರನ್ನೂ ನಂಬುತ್ತಿರಲಿಲ್ಲ. ಇದನ್ನು ದೂರಿನಂತೆ ಹೇಳುತ್ತಿಲ್ಲ. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುವವರು ಕಂಡವರನ್ನೆಲ್ಲ ನಂಬಿದರೆ ಮನೆ ನಡೆಯುವುದಿಲ್ಲ. ರೈತ ತಂದ ಮೂಟೆಯ ಮೇಲಿನ ಎಲೆ ಎಷ್ಟೇ ಚೆನ್ನಾಗಿರಲಿ, ಅಪ್ಪ ಮೊಣಕೈವರೆಗೆ ಕೈ ತೂರಿಸಿ ಒಳಗಿನಿಂದ ಒಂದು ಹಿಡಿ ಎಳೆದು ಮೂಸುತ್ತಿದ್ದರು. "ಮ್ಯಾಲಿಂದು ತೋರಸಾಕ, ಒಳಗಿಂದು ಮಾರಾಕ" ಎನ್ನುವುದು ಅವರ ಮಾತು. ಮನೆಗೆ ಬಂದ ಮೇಲೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಹಾಲಿನವನ ಹಾಲಿಗೆ ಬೆರಳದ್ದಿ ನೋಡುವುದು, ಅಂಗಡಿಯಿಂದ ತಂದ ಬೇಳೆಯನ್ನು ಅಂಗೈಯಲ್ಲಿ ಉಜ್ಜುವುದು, ನನಗೆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದರೆ "ಪೇಪರ್ ತಿದ್ದಿದವರು ಯಾರು?" ಎಂದು ಕೇಳುವುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಗಾದೆಯನ್ನು ನಾನು ಶಾಲೆಯಲ್ಲಿ ಕಲಿಯಬೇಕಾಗಿರಲಿಲ್ಲ. ಆ ಗುಣ ನನಗೂ ಬಂದಿದೆ, ಅದಕ್ಕೆ ನನಗೆ ನಾಚಿಕೆಯೇನೂ ಇಲ್ಲ.

ಅಂಥ ಅಪ್ಪ ಅಕ್ಕನ ಮದುವೆಯ ವಿಷಯದಲ್ಲಿ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ಅಥಣಿಯಲ್ಲಿದ್ದ ಸೋದರಮಾವ, ಅಂದರೆ ಅವ್ವನ ಅಣ್ಣ, ತಂದ ಸಂಬಂಧ ಅದು. ಹುಡುಗನ ಮೂಲ ಕಾಗವಾಡದ ಕಡೆ, ನಮ್ಮಂತೆಯೇ ಜೈನರು. ಮುಂಬೈಯಲ್ಲಿ ಕಂಪನಿ ಕೆಲಸ, ತಂದೆತಾಯಿಯೊಂದಿಗೆ ಅಲ್ಲಿಯೇ ಮನೆ. ಹೆಂಡತಿಯ ತವರಿನವರು ತಂದದ್ದನ್ನು ಕೆದಕಿದರೆ ತವರಿನ ಮೇಲೆಯೇ ಸಂಶಯಪಟ್ಟಂತೆ ಆಗುತ್ತದೆಂದು ಅಪ್ಪ ಬಾಯಿ ಮುಚ್ಚಿಕೊಂಡರು. ಹುಡುಗ ಬಂದ, ಅವಲಕ್ಕಿ ತಿಂದ, ಅಕ್ಕನನ್ನು ಒಮ್ಮೆ ನೋಡಿದ, ನಮ್ಮ ಗೋದಾಮನ್ನು ಎರಡು ಸಲ ನೋಡಿದ. ಮುಂದಿನ ತಿಂಗಳು ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಎಂದು ಮಾತಾಯಿತು. ಅಕ್ಕನನ್ನು ಯಾರೂ ಕೇಳಲಿಲ್ಲ. "ಆಕೀದೇನೈತಿ, ನಾವು ಹೇಳಿದಂಗ ಕೇಳ್ತಾಳ" ಎಂದು ಅವ್ವನೇ ಉತ್ತರ ಕೊಟ್ಟುಬಿಟ್ಟಳು. ಅಕ್ಕ ತಲೆ ತಗ್ಗಿಸಿಕೊಂಡೇ ಕಪ್ಪುಬಸಿಗಳನ್ನು ಒಳಗೆ ಒಯ್ದಳು.

ಅದಾದ ಕೆಲವು ದಿನಕ್ಕೆ, ಊಟಕ್ಕೆ ಕೂತಾಗ, ಅಕ್ಕ ಒಂದು ಮಾತು ಕೇಳಿದಳು. ಮುಂಬೈಯ ಹೊರಗೆ ಖಾಡಿ, ಅಂದರೆ ಸಮುದ್ರದ ಹಿನ್ನೀರು, ದಾಟಿ ಹೋಗುವ ದೊಡ್ಡ ಆಟದ ಪಾರ್ಕೊಂದರ ಜಾಹೀರಾತು ಆಗ ಟಿವಿಯಲ್ಲಿ ಬರುತ್ತಿತ್ತು. ಮದುವೆಗಿಂತ ಮೊದಲು ಒಮ್ಮೆ ಅದನ್ನು ತೋರಿಸಿರಿ ಎಂದಳು. ಏನನ್ನೂ ಕೇಳದ ಹುಡುಗಿ ಕೇಳಿದಳೆಂದು ಅಪ್ಪ ಅಲ್ಲಿಯೇ ಒಪ್ಪಿಕೊಂಡರು. ನನಗೆ ಮಾತ್ರ ಅನುಮಾನ ಹುಟ್ಟಿತು. ಹಾಸಿಗೆ ಹಾಸುವಾಗ ಹಿಡಿದು ಕೇಳಿದೆ:

"ಮುಂಬೈಗೇ ಕೊಡಾಕತ್ತಾರ ನಿನ್ನ. ಬೇಕಾದಾಗ ಹೋಗಬೋದು. ಈಗ ಯಾಕ ಗಡಬಡಿ?"

"ಆಮ್ಯಾಲೆ ಯಾರನ್ನ ಕೇಳ್ಲಿ?" ಎಂದಳು.

"ಗಂಡನ್ನ ಕೇಳು."

ಅಕ್ಕ ಚಾದರ ಕೊಡವಿ ಆ ಕಡೆ ಹೊರಳಿ ಮಲಗಿದಳು. ಅವಳಿಗೆ ಈ ಮದುವೆ ಬೇಡವಾಗಿದೆ ಎಂದು ನನಗೆ ಅನಿಸಿದ್ದು ಅವತ್ತೇ. ಆದರೆ ಸಂಶಯವನ್ನು ಹಿಡಿದುಕೊಂಡು ಯಾರ ಮುಂದೆ ಹೋಗುವುದು? ನಾನು ಪಿಯುಸಿ ಓದುತ್ತಿದ್ದ ಹುಡುಗಿ, ನನ್ನ ಮಾತಿಗೆ ಯಾರು ಬೆಲೆ ಕೊಡುತ್ತಿದ್ದರು?

ಇತ್ತ ಅಪ್ಪ ಉಳಿದುಕೊಳ್ಳುವ ಜಾಗದ ವಿಚಾರಕ್ಕೆ ಇಳಿದರು. ಮುಂಬೈಯಲ್ಲಿ ನಮ್ಮ ಸಮಾಜದ ಧರ್ಮಶಾಲೆ ಇತ್ತು, ಆದರೆ ಅದು ಊರ ನಡುವೆ. ಅವ್ವ ಸೂರ್ಯ ಮುಳುಗಿದ ಮೇಲೆ ಊಟ ಮಾಡುವವಳಲ್ಲ. ಪಾರ್ಕಿನಿಂದ ಲಾಂಚು, ರಿಕ್ಷಾ, ಲೋಕಲ್ ರೈಲು ಎಂದು ತಿರುಗಿ ಬರುವಷ್ಟರಲ್ಲಿ ಕತ್ತಲಾಗಿ ಅವಳು ಉಪವಾಸ ಮಲಗಬೇಕಾಗುತ್ತಿತ್ತು. ಪಾರ್ಕಿನ ಹತ್ತಿರವೇ ಲಾಡ್ಜು ಆಗಬೇಕು, ಅದು ಶುದ್ಧ ಶಾಕಾಹಾರಿ ಇರಬೇಕು. ಬಸ್ ಸ್ಟ್ಯಾಂಡಿನ ಎದುರಿನ ಟ್ರಾವೆಲ್ಸಿನವನು ಅಂಥ ಲಾಡ್ಜೊಂದರ ಬಣ್ಣದ ಚೀಟಿಯನ್ನು ಕೊಟ್ಟ. ಹಸಿರು ಪರದೆ, ಬಿಳಿ ಹಾಸಿಗೆ, ಕೆಳಗೆ ಮರಾಠಿಯಲ್ಲಿ "ಪಾರ್ಕಿನಿಂದ ಎರಡೇ ನಿಮಿಷ".

ಅಪ್ಪ ಆ ಚೀಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎರಡ ನಿಮಿಷ ಅಂದ್ರ ನಡಕೋಂತೋ, ಹಾರಕೋಂತೋ?" ಎಂದರು.

"ಕಾಕಾ, ಜವಳ್‌ಚ ಐತ್ರಿ," ಎಂದ ಟ್ರಾವೆಲ್ಸಿನವನು. ತೀರ ಹತ್ತಿರ ಎನ್ನುವುದಕ್ಕೆ ನಮ್ಮೂರಲ್ಲಿ ಮರಾಠಿ ಕನ್ನಡ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ.

"ಹಂಗಾರ ಫೋಟೋದಾಗ ಪಾರ್ಕ ಯಾಕ ಕಾಣವಲ್ತು? ಪರದೆ ಯಾಕ ಮುಚ್ಯಾರ? ಆ ಕಡೆ ಗಟಾರ ಇರಬೇಕು."

ಅಲ್ಲಿಂದ ಮುಂದೆ ಮನೆಯಲ್ಲಿ ಬೇರೆ ಮಾತಿಲ್ಲ. ಮುಂಬೈಗೆ ಲೋಡು ಒಯ್ಯುತ್ತಿದ್ದ ಕೊಗನೊಳ್ಳಿಯ ಲಾರಿ ಡ್ರೈವರನನ್ನು ಕರೆಸಿ ಚಹಾ ಕುಡಿಸಿ, ಲಾಡ್ಜಿನ ಮುಂದೆ ಹಾದು ಬರಲು ಹೇಳಿದರು. ಅವನು ಬಂದು "ಚಲೋ ಐತ್ರಿ" ಎಂದ. ಏನು ಚಲೋ, ಹೇಗೆ ಚಲೋ ಎಂದು ಕೇಳಿದರೆ ಮತ್ತೆ "ಚಲೋನ ಐತ್ರಿ" ಎಂದ. ಅವನು ಹೋಗಿಯೇ ಇಲ್ಲವೆಂದು ಅಪ್ಪ ತೀರ್ಮಾನಿಸಿ, ಅವನಿಗೆ ತಿಳಿಯದಂತೆ ಇನ್ನೊಬ್ಬ ಡ್ರೈವರನನ್ನು ಕಳಿಸಿದರು. ಅವನೂ ಚಲೋ ಎಂದಾಗ ಇಬ್ಬರೂ ಮಾತಾಡಿಕೊಂಡಿದ್ದಾರೆ ಎಂದರು. ಮುಂಬೈಯಲ್ಲಿದ್ದ ಪರಿಚಯದ ವ್ಯಾಪಾರಿಯೊಬ್ಬರಿಗೆ ಫೋನು ಮಾಡಿ, ಲಾಡ್ಜಿನ ಒಳಗೇ ಹೋಗಿ ನೋಡಿಬನ್ನಿ ಎಂದು ಕೇಳಿಕೊಂಡರು. ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಅಡಿಗೆಮನೆ ಒಂದೋ, ಎರಡೋ? ಮೇಲಿನ ಮಾಳಿಗೆಯಲ್ಲಿ ಎಂಥ ಜನ? ಮಾಲೀಕನ ಮೂಲ ಊರು ಯಾವುದು? ಪಕ್ಕದ ಪಾನ್ ಅಂಗಡಿಯವನು ಅವನ ಬಗ್ಗೆ ಏನನ್ನುತ್ತಾನೆ?

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಲ್ರಿ, ಲಾಡ್ಜಿಗೆ ಹೆಣ್ಣ ಕೊಡವರಿದ್ದೀರೇನು?" ಎಂದಳು.

ನಾನು ನಕ್ಕೆ. ಅಪ್ಪನೂ ನಕ್ಕರು. ಅಕ್ಕ ನಗಲಿಲ್ಲ. ಅಪ್ಪನ ಕಡೆ ಒಮ್ಮೆ ಮುಖ ಎತ್ತಿ ನೋಡಿ, ತಟ್ಟೆಯಲ್ಲಿದ್ದ ರೊಟ್ಟಿ ಮುರಿದಳು.

ಬೇರೆ ಶಾಕಾಹಾರಿ ಲಾಡ್ಜು ಸಿಗದೆ ಕೊನೆಗೆ ಅದನ್ನೇ ಗೊತ್ತುಮಾಡಿ, ಸಾಖರಪುಡಾಕ್ಕೆ ಇನ್ನೂ ಕೆಲವು ದಿನ ಇರುವಾಗ, ಮೇ ತಿಂಗಳಲ್ಲಿ ಹೊರಟೆವು. ರಾತ್ರಿ ಬಸ್ಸಿನಲ್ಲಿ ಅಪ್ಪ ಬ್ಯಾಗುಗಳನ್ನು ಕಾಲಿಗೆ ಕಟ್ಟಿಕೊಂಡು ಕೂತರು. ಬೆಳಿಗ್ಗೆ ಲಾಡ್ಜು ಮುಟ್ಟಿದಾಗ ಚೀಟಿಯ ಎರಡು ನಿಮಿಷದ ಗುಟ್ಟು ಬಯಲಾಯಿತು. ಲಾಂಚು ಹತ್ತುವ ಜಾಗಕ್ಕೆ ಎರಡು ನಿಮಿಷ. ಪಾರ್ಕು ಖಾಡಿಯ ಆಚೆ ದಡದಲ್ಲಿ. "ನಾ ಹೇಳಿದ್ದಿಲ್ಲ?" ಎಂದು ಅಪ್ಪ ನಮ್ಮೆಲ್ಲರ ಕಡೆ ನೋಡಿದರು. ಮೋಸವಾದದ್ದಕ್ಕಿಂತ ತಮ್ಮ ಅನುಮಾನ ನಿಜವಾದದ್ದರ ಖುಷಿಯೇ ಅವರಿಗೆ ಹೆಚ್ಚಾಗಿತ್ತು.

ಮ್ಯಾನೇಜರ್ ಮಂಗಳೂರ ಕಡೆಯವನು. ನಾವು ಕನ್ನಡ ಮಾತಾಡುವುದನ್ನು ಕೇಳಿ ಎದ್ದು ಬಂದ. "ಬನ್ನಿ ಬನ್ನಿ, ನಮ್ಮ ಕಡೆಯವರೇ ಆಯ್ತಲ್ಲ! ಬಿಸಿನೀರುಂಟು, ಮೊದಲು ಸ್ನಾನ ಮಾಡಿ ಮಾರಾಯ್ರೆ" ಎಂದ.

"ಇಷ್ಟ ಸವಿ ಯಾಕ ಮಾತಾಡ್ತಾನ?" ಎಂದು ಅಪ್ಪ ಮೆಟ್ಟಿಲು ಹತ್ತುತ್ತ ಅವ್ವನ ಕಿವಿಯಲ್ಲಿ ಹೇಳಿದರು. "ಅಂವನ ಮ್ಯಾಲೊಂದು ಕಣ್ಣಿಡು."

ಕೋಣೆಯಲ್ಲಿ ಅಪ್ಪ ಕೂರಲೇ ಇಲ್ಲ. ನೀರನ್ನು ಮೂಸಿದರು. ಕಿಟಕಿಯ ಪರದೆ ಸರಿಸಿದರು. ಗಟಾರ ಇರಲಿಲ್ಲ, ತೆಂಗಿನ ಮರ ಇತ್ತು, ಅದೂ ಅವರಿಗೆ ಸಮಾಧಾನ ಕೊಡಲಿಲ್ಲ. ಕೆಳಗೆ ಹೋಗಿ ಅಡಿಗೆಮನೆಯ ಪಾತ್ರೆಗಳ ಮುಚ್ಚಳ ತೆಗೆದು ನೋಡಿ ಬಂದರು. ಮ್ಯಾನೇಜರನನ್ನು ಮೇಲಕ್ಕೆ ಕರೆಸಿ, ನಿನ್ನೆ ಈ ಹಾಸಿಗೆಯ ಮೇಲೆ ಮಲಗಿದವರು ಯಾರು, ಅವರಿಗೆ ರೋಗರುಜಿನ ಏನಾದರೂ ಇತ್ತೇ ಎಂದು ವಿಚಾರಿಸಿದರು. ಅವನು ನಕ್ಕು, ತಾಳ್ಮೆಯಿಂದ ಉತ್ತರಿಸಿ ಕೆಳಗಿಳಿದ. ಆಮೇಲೆ ಅಪ್ಪ ಗಾದಿಯ ಒಂದು ಮೂಲೆಯನ್ನೆತ್ತಿ ಹೊಲಿಗೆಯೊಳಗೆ ತಿಗಣೆ ಹುಡುಕತೊಡಗಿದರು.

ಆಗ ಅಕ್ಕ ಮಾತಾಡಿದಳು. ಜೋರಾಗಿ ಅಲ್ಲ, ನೀರು ಕೇಳುವವರ ದನಿಯಲ್ಲಿ.

"ಅಪ್ಪಾ, ಎರಡ ರಾತ್ರಿ ಮಲಗೂ ಜಾಗಾ ಇಷ್ಟ ತಿರುವಿ ನೋಡ್ತೀರಿ. ನಾ ಸಾಯೂತನಕ ಇರೂ ಮನಿಗೆ ಒಮ್ಮೆನೂ ಹೋಗಿ ಬಂದಿಲ್ಲಲ್ರಿ."

ಅವ್ವ ಗದರಿದಳು. "ಏನ ಮಾತ ಬೇ ಅದು! ನಿಮ್ಮ ಮಾಮಾ ಏನ್ ಸುಳ್ಳ ಹೇಳ್ತಾನೇನು?"

"ಮಾಮಾ ಸುಳ್ಳ ಹೇಳ್ತಾನ ಅಂತ ನಾ ಅಂದಿಲ್ಲ," ಎಂದಳು ಅಕ್ಕ.

ಅಪ್ಪ ಗಾದಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಅವರು ಬಯ್ಯುತ್ತಾರೆಂದು ನಾನು ಕಾದೆ. ಬಯ್ಯಲಿಲ್ಲ. ಗಾದಿಯನ್ನು ಮೆಲ್ಲಗೆ ಇಳಿಸಿ, ಹಾಸಿಗೆ ಸರಿಮಾಡಿ ಹೊರಗೆ ಹೋದರು. ಅಕ್ಕನ ಬಗ್ಗೆ ನನಗೆ ಅಷ್ಟು ಹೆಮ್ಮೆ, ಅಷ್ಟು ಹೆದರಿಕೆ ಎರಡೂ ಒಟ್ಟಿಗೆ ಆದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ನಾವು ಪಾರ್ಕಿಗೆ ಹೊರಡುವಾಗ ಅಪ್ಪ ಬರುವುದಿಲ್ಲ ಎಂದರು. "ನೀವ ಮೂರೂ ಮಂದಿ ಹೋಗಿ ಬರ್ರಿ. ನಾ ಹುಡುಗನ ಮನಿ ಕಡೆ ಹೋಗಿ ಬರ್ತೇನಿ." ಅವ್ವನ ಮುಖ ಸಪ್ಪಗಾಯಿತು. ಅಕ್ಕ ಲಾಂಚಿನಲ್ಲಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನಗೆ ನೋವಾಯಿತು.

ಪಾರ್ಕಿನಲ್ಲಿ ಅವ್ವ ನೆರಳಲ್ಲಿ ಕೂತು ಎಲ್ಲರ ಚಪ್ಪಲಿ ಕಾದಳು. ತೊಟ್ಟಿಲಂತೆ ತೂಗುವ ದೊಡ್ಡ ಹಡಗನ್ನು ನಾನು ಕೆಳಗಿನಿಂದಲೇ ನೋಡಿ, ಅದರ ನಟ್ಟು ಬೋಲ್ಟುಗಳನ್ನು ಯಾವಾಗ ಬಿಗಿದಿದ್ದಾರೋ ಎಂದು ಹಿಂದೆ ಸರಿದೆ. ಅಕ್ಕ ಹತ್ತಿದಳು. ಹಡಗು ಮೇಲೇರಿದಾಗ ಎಲ್ಲರೂ ಕೂಗಿದರು, ಅವಳು ಕೂಗಲಿಲ್ಲ; ಕಣ್ಣು ತೆರೆದುಕೊಂಡು ದೂರ ಎಲ್ಲೋ ನೋಡುತ್ತಿದ್ದಳು. ಇಳಿದವಳೇ ಮತ್ತೆ ಸಾಲಿಗೆ ಹೋಗಿ ನಿಂತಳು. ಅವಳು ಆಟ ಆಡಲು ಬಂದಿಲ್ಲ, ಹೊತ್ತು ಕಳೆಯುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಸಂಜೆಗೆ ಏನು ಸುದ್ದಿ ಬರುತ್ತದೋ ಎಂದು ನಾನೂ ಗಳಿಗೆಗೊಮ್ಮೆ ಖಾಡಿಯ ಆಚೆ ನೋಡುತ್ತಿದ್ದೆ.

ಬಿಸಿಲಿರುವಾಗಲೇ ತಿರುಗಿ ಬಂದೆವು. ಅಪ್ಪ ಕೋಣೆಯಲ್ಲಿದ್ದರು. ಅವ್ವ ಊಟಕ್ಕೂ ಕೂರದೆ ಕೇಳಿದಳು.

"ಏನಾತ್ರಿ?"

"ನೋಡಿ ಬಂದ್ನಿ. ಬ್ಯಾಡ."

"ಬ್ಯಾಡ ಅಂದ್ರ? ಏನ ನೋಡಿದ್ರಿ?"

"ಅದನ್ನೆಲ್ಲಾ ಕೇಳಬ್ಯಾಡ. ಈ ಸಂಬಂಧ ನಮಗ ಬ್ಯಾಡ. ಊರಿಗೆ ಹೋದಮ್ಯಾಲೆ ನಾನ ಹೇಳಿ ಕಳಸ್ತೇನಿ."

ಅಕ್ಕ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟಳು. ಬಹಳ ಹೊತ್ತು ನೀರು ಸುರಿಯುತ್ತಲೇ ಇತ್ತು. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿದ್ದವು. ಆ ಸಂಜೆ ನಾಲ್ಕು ಚಪಾತಿ ತಿಂದಳು.

ಮರುದಿನ ಲಾಡ್ಜು ಬಿಡುವಾಗ ಅಪ್ಪ ರಿಕ್ಷಾ ತರಲು ಹೋಗಿದ್ದರು. ಮ್ಯಾನೇಜರ್ ನನ್ನನ್ನು ಕರೆದು ಕೇಳಿದ: "ನಿಮ್ಮ ತಂದೆಯವರಿಗೆ ಈಗ ಹುಷಾರುಂಟಲ್ಲ? ನಿನ್ನೆ ನೀವೆಲ್ಲ ಹೋದ ಮೇಲೆ ಅಗೋ ಆ ಬೆಂಚಿನಲ್ಲೇ ಕೂತಿದ್ರು. ಸಾಯಂಕಾಲದವರೆಗೂ ಎಲ್ಲಿಗೂ ಹೋಗ್ಲಿಲ್ಲ. ಊಟಕ್ಕೆ ಕರೆದ್ರೂ ಬರ್ಲಿಲ್ಲ."

ಮೊದಲು ನನಗೆ ಸಂಶಯ ಬಂದದ್ದು ಮ್ಯಾನೇಜರನ ಮೇಲೆಯೇ. ಆದರೆ ಸುಳ್ಳು ಹೇಳಿ ಅವನಿಗೇನು ಆಗಬೇಕು? ರಿಕ್ಷಾದಲ್ಲಿ ಕೂತು ಅಪ್ಪನ ಮುಖ ನೋಡಿದೆ. ಅಲ್ಲಿ ಏನೂ ಸಿಗಲಿಲ್ಲ. ವ್ಯಾಪಾರಿಯ ಮುಖ ಅದು. ಮನೆಯಲ್ಲಿ ಯಾರಿಗೂ ಹೇಳದೆ ಆ ಮಾತನ್ನು ನನ್ನಲ್ಲೇ ಇಟ್ಟುಕೊಂಡೆ.

ಊರಲ್ಲಿ ಆದದ್ದು ಸಣ್ಣದಲ್ಲ. ಸೋದರಮಾವ ಅಥಣಿಯಿಂದ ಬಂದು ನಡುಮನೆಯಲ್ಲಿ ನಿಂತೇ ಕೇಳಿದರು, "ಏನ ಐಬು ಕಂಡ್ರಿ ಹುಡುಗನೊಳಗ? ಹೇಳ್ರಿ, ನಾ ಅವರಿಗೆ ಮಾರಿ ತೋರಸಬೇಕು." ಅಪ್ಪ, "ಅವರೊಳಗ ಐಬಿಲ್ಲ. ಕೊಡಾಕ ನನಗ ಮನಸಿಲ್ಲ, ತಪ್ಪು ನಂದು" ಎಂದರು. ಮಾವ ನೀರು ಸಹ ಮುಟ್ಟದೆ ಎದ್ದು ಹೋದರು. ಆ ವರ್ಷ ಪಂಚಮಿಗೆ ಅವ್ವನನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಅವ್ವ ಅಡಿಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಚಿಕ್ಕೋಡಿಯಿಂದ ಕಾಗವಾಡದವರೆಗೆ ನಮ್ಮ ಜನ ಆಡಿಕೊಂಡರು, ಸಂಶಯದ ಮನುಷ್ಯ ಬಂಗಾರದಂಥ ಸಂಬಂಧವನ್ನು ಕೈಯಾರೆ ಕೆಡಿಸಿದ ಎಂದು. ಅಪ್ಪ ಕೇಳಿಸಿಕೊಂಡು ಗೋದಾಮಿಗೆ ಹೋಗುತ್ತಿದ್ದರು. ಅಕ್ಕ ಬಿ.ಎಡ್. ಮುಗಿಸಿ ರಾಯಬಾಗದ ಶಾಲೆಯೊಂದರಲ್ಲಿ ಟೀಚರ್ ಆದಳು, ತನಗೆ ಸರಿಕಂಡವನನ್ನು ತಾನೇ ಮನೆಗೆ ಕರೆತಂದು ತೋರಿಸಿದಳು. ಮಾವನ ಸಿಟ್ಟು ಇಳಿಯಲು ಅಲ್ಲಿಯವರೆಗೂ ಬೇಕಾಯಿತು.

ಅಕ್ಕನ ಮದುವೆ ಮುಗಿದ ಮೇಲೆ, ಒಂದು ಮಧ್ಯಾಹ್ನ ಗೋದಾಮಿನಲ್ಲಿ ಅಪ್ಪ ಒಬ್ಬರೇ ಇದ್ದಾಗ ಕೇಳಿದೆ.

"ಅವತ್ತ ನೀವು ಆ ಹುಡುಗನ ಮನಿಗೆ ಹೋಗೇ ಇದ್ದಿಲ್ಲ, ಹೌದಿಲ್ಲೋ?"

"ಯಾರಂದ್ರು?"

"ಲಾಡ್ಜಿನ ಮ್ಯಾನೇಜರ್."

ಅಪ್ಪ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು. ಅಷ್ಟು ವರ್ಷ ಆ ಮಾತನ್ನು ಬಚ್ಚಿಟ್ಟುಕೊಂಡದ್ದಕ್ಕೆ ನನ್ನನ್ನೇ ಅನುಮಾನದಿಂದ ನೋಡಿದರು.

"ಯಾಕ ಹೋಗಲಿಲ್ರಿ, ಅಪ್ಪಾ? ಅಲ್ಲೀತನಕ ಬಂದು?"

"ಹೋಗಿದ್ರ ಸುಮ್ಮ ಕುಂತ ಬರತಿದ್ದಿಲ್ಲ ನಾ, ಎಲ್ಲಾ ಕೆದಕಿ ನೋಡತಿದ್ದೆ," ಎಂದರು. "ನೋಡಿದಮ್ಯಾಲೆ, ಮನಿ ಖರೇನ ಚಲೋ ಇದ್ದಿದ್ರ? ಏನಂತ ಹೇಳಿ ಆಕೀನ ಬಿಡಸ್ಕೊಂಡ ಬರಬೇಕಿತ್ತು?"