ಕಿಟಕಿಗೆ ಅಳತೆಯಾದ ಸೊಸೆ

ಪಕ್ಕದ ಮನೆಯವರು ಮಾಳಿಗೆಯ ಮೇಲೆ ಕೋಣೆ ಕಟ್ಟಿಸಲು ಸುಣ್ಣ ನೆನೆಹಾಕಿದ್ದಾರೆ. ಆ ಬಿಸಿ ವಾಸನೆ ಮೂಗಿಗೆ ತಾಗಿದ್ದೇ ತಡ, ಸೊಪ್ಪು ಸೋಸುವುದನ್ನು ಬಿಟ್ಟು ಕುಳಿತುಬಿಟ್ಟೆ. ನಿಮಗೆ ಹೇಗೋ, ನನಗಂತೂ ಸುಣ್ಣದ ವಾಸನೆಯೆಂದರೆ ನಿಜಾಮರ ಕಾಲದ ಆಳಂದ. ನಾನು ನರೋಣಾದಿಂದ ಹೊಸದಾಗಿ ಬಂದ ಸೊಸೆ.

ಆಗ ನಮಗೆಂದು ಮಾಳಿಗೆಯ ಮೇಲೊಂದು ಕೋಣೆ ಏಳಲಿತ್ತು. ಅದಕ್ಕೊಂದು ಕಿಟಕಿ ಇದ್ದರೆ ನನಗೆ ಸಾಕಿತ್ತು. ತವರಲ್ಲಿ ಗಾಳಿಗೆ ಕುಳಿತು ಕೌದಿ ಹೊಲಿದು ಬೆಳೆದವಳು ನಾನು. ಆದರೆ ಎರಡು ಕಡೆ ದಾಯಾದಿಗಳ ಎತ್ತರದ ಗೋಡೆ, ಒಂದು ಕಡೆ ಮೆಟ್ಟಿಲು. ಉಳಿದದ್ದು ಪಕ್ಕದ ಮನೆಯ ಚಾಂದಬೀಯ ಅಂಗಳದ ಕಡೆ; ಅವರನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವರದು ಗೋಷಾ ಮನೆತನ. ಹೆಂಗಸರು ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಇಜಾಜತ್, ಅಂದರೆ ಕಟ್ಟುವ ಪರವಾನಗಿ, ಕೇಳಲು ಕಚೇರಿಗೆ ಹೋಗಿದ್ದ ಮಾವ ಚಪ್ಪಲಿ ಬಿಡುತ್ತಲೇ ಹೇಳಿದರು:

"ಕೋಣಿಗಿ ಹೂಂ ಅಂದಾರ. ಆ ಕಡಿ ಕಿಟಕಿ ಇಡಬೇಕಂದ್ರ ಬಾಜೂ ಮನಿಯವರು ಒಪ್ಪಬೇಕಂತ. ಸುಮ್ನ ಗ್ವಾಡಿ ಎಬ್ಬಿಸಿಬಿಡೋಣು."

ನನ್ನ ಮೋರೆ ಬಾಡಿದ್ದನ್ನು ಅತ್ತೆ ನೋಡಿದರು. "ಅಂಗಳದಾಗ ಕೂಡಾಕಿ ಖಾಲಾ. ನೀವು ಗಂಡಸರು ಏನ್ ಕೇಳ್ತೀರಿ? ನಾ ಕೇಳ್ತೇನಿ ಬಿಡ್ರಿ," ಎಂದು ಸೆರಗು ಹೊದ್ದು ಹೊರಟೇಬಿಟ್ಟರು.

ಖಾಲಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ನಿಮ್ಮ ಮನ್ಯಾಗ ಎಲ್ಲಾರಕಿಂತ ಉದ್ದ ಯಾರದಾರ, ಅವರ್ನ ಮ್ಯಾಲ ನಿಲ್ಲಿಸ್ರಿ. ಆಮ್ಯಾಲ ಮಾತು," ಅಂದರಂತೆ.

ಎಲ್ಲರಿಗಿಂತ ಉದ್ದ ನಾನೇ! ಮದುವೆಯಲ್ಲಿ ಬಾಸಿಂಗ ಕಟ್ಟಲು ನನ್ನನ್ನು ಬಗ್ಗಿಸಬೇಕಾಗಿತ್ತು. ಗೋಡೆ ಕಟ್ಟುವ ಗೌಂಡಿಯನ್ನೂ ಮಾವನನ್ನೂ ಹೊರಗೆ ಅಟ್ಟಿ ನಾವು ಮಾಳಿಗೆ ಹತ್ತಿದೆವು. ಅತ್ತೆ, ನಾದಿನಿ ಆಚೀಚೆ ನಿಂತು ನನ್ನ ಮುಂದೆ ಕಂಬಳಿ ಹಿಡಿದರು. ಅದೇ ಗೋಡೆ, ಅದರ ಮೇಲಂಚೇ ಕಿಟಕಿ ಶುರುವಾಗುವ ಎತ್ತರ.

"ಹಲ್ಲು ಕಾಣಾಕತ್ತಾವ, ನಗಬ್ಯಾಡ ಬೇ!" ಕೆಳಗಿನಿಂದ ಖಾಲಾ.

ಕಂಬಳಿ ಏರಿತು.

"ಮೂಗುತಿ ಹೊಳಿಯಾಕತ್ತದ!"

ಮತ್ತೆ ಏರಿತು. "ಕುಂಕುಮ! ಇನ್ನಾ ಮ್ಯಾಲ!"

ಕೊನೆಗೆ ನನ್ನ ಪಾಲಿಗೆ ಉಳಿದದ್ದು ತುಂಡು ಆಕಾಶ. ಗಾಳಿಯೇನೋ ನೆತ್ತಿಗೆ ತಾಗುತ್ತಿತ್ತು. ಖಾಲಾ ಒಪ್ಪಿದರೋ, ಮುನಿದರೋ?

"ಈಗ ಏನೂ ಕಾಣಂಗಿಲ್ಲ," ಅಂದರು ಖಾಲಾ, ದನಿ ತಗ್ಗಿಸಿ. ಮರುಕ್ಷಣವೇ ಗದರಿದರು: "ಹಿಂಗಾದ್ರ ಆ ಹುಡುಗಿ ಉಂಡಾಳೋ ಇಲ್ಲೋ ನನಗ ಹ್ಯಾಂಗ ತಿಳೀಬೇಕ್ರೀ? ಗಾಳಿಗಿ ಮ್ಯಾಲ ಕಿಟಕಿ ಇಡ್ರಿ. ಕುಂತಾಗ ಮಾರಿ ಕಾಣಂಗ ಕೆಳಗೊಂದು ಕಿಂಡಿ ಬಿಡ್ರಿ. ಗಂಡಸರು ಬಂದ್ರ ಅದಕ್ಕ ಅರಿವಿ ತುರುಕ್ರಿ!"

ನಾವು ಮೂವರೂ ಕಂಬಳಿಯ ಸಮೇತ ಕುಣಿದುಬಿಟ್ಟೆವು.

"ಒಂದು ಕೇಳಿದ್ರ ಎರಡಾದ್ವಲ್ಲೇ!" ಎಂದು ಒಳಬಂದ ಮಾವ ಸುದ್ದಿ ಕೇಳಿ ತಲೆ ಕೆರೆದುಕೊಂಡರು.

ಈಗ ಪಕ್ಕದ ಮಾಳಿಗೆಯಿಂದ ಆ ಮನೆಯ ಸೊಸೆ ಬಗ್ಗಿ ಕೂಗುತ್ತಿದ್ದಾಳೆ: "ಕಾಕೂ, ನಿಮ್ಮ ಕಡಿ ಕಿಟಕಿ ಇಡಾಕ ಆಫೀಸಿನಾಗ ಹೂಂ ಅಂದಾರ. ನೀವೇನಂತೀರಿ?"

ಕಿಟಕಿ ಕೇಳುತ್ತಾರೆಂದು ಗೊತ್ತಿತ್ತು; ಬೇಡವೆನ್ನಲು ಬೆಳಿಗ್ಗೆಯೇ ಮಾತು ಜೋಡಿಸಿಟ್ಟುಕೊಂಡಿದ್ದೆ. ಸೀರೆ ಝಾಡಿಸಿ ಎದ್ದು ಅಂಗಳದ ನಡುವೆ ನಿಂತೆ.

"ಅಲ್ಲೇ ಕೂಡು ಬೇ," ಅಂದೆ. "ಮಾರಿ ಕಾಣತದೋ ಇಲ್ಲೋ, ನೋಡ್ತೇನಿ."