ಪರಸವ್ವನ ಚೀಲ, ಗುರುಬಾಯಿಯ ಬಾಟ್ಲಿ

ಬೆಳಕು ಹರಿಯುವ ಮುಂಚೆಯೇ ಪರಸವ್ವ ಜೈನಾಪುರದ ಒಂದು ಮನೆಯ ಕಟ್ಟೆಯ ಕೆಳಗೆ ನಿಂತಿದ್ದಾಳೆ. ಒಳಗೆ ಬಾ ಎಂದು ಯಾರೂ ಕರೆಯುವುದಿಲ್ಲ. ಅವಳ ಜಾತಿಯವರು ಈ ಹೊಸ್ತಿಲು ದಾಟುವ ರೂಢಿಯಿಲ್ಲ. ಮನೆಯ ಯಜಮಾನಿ ಮುದುಕವ್ವ ಬಾಟ್ಲಿಯನ್ನು ಕಟ್ಟೆಯ ಮೇಲಿಡಲು ಬಂದರೆ ಪರಸವ್ವ ತಲೆಯಾಡಿಸುತ್ತಾಳೆ.

"ಸೊಸಿ ಕೈಲೆ ಕೊಡಸ್ರಿ ಯವ್ವಾ. ಆಕಿನ್ನ ಒಂದ್ ಮಾತ ಕೇಳೂದೈತಿ."

ಪರಸವ್ವ ವಿಜಾಪುರದ ಅಥಣಿ ರಸ್ತೆಯ ಸಣ್ಣದೊಂದು ಲ್ಯಾಬಿನ ಆಯಾ. ಬಸಿರು ಹೌದೋ ಅಲ್ಲವೋ ನೋಡಲು ಹೆಂಗಸಿನ ಮುಂಜಾನೆಯ ಮೊದಲ ಮೂತ್ರ ಬೇಕು. ನಾಚಿಕೆಗೆ ಯಾರೂ ತಾವಾಗಿ ತರುವುದಿಲ್ಲ. ಬಬಲೇಶ್ವರ, ತಿಕೋಟಾ ಸುತ್ತಲಿನ ಹಳ್ಳಿಗಳಿಂದ ಇವಳೇ ಚೀಲದಲ್ಲಿಟ್ಟು ತರುತ್ತಾಳೆ. ಬಸ್ಸಿನಲ್ಲಿ ಇವಳ ಪಕ್ಕದ ಸೀಟು ಖಾಲಿಯೇ ಇರುತ್ತದೆ. ದೊಡ್ಡ ಊರುಗಳಲ್ಲಿ ಈಗ ಗಾಜಿನ ಕೊಳವೆಯಲ್ಲೇ ನೋಡುತ್ತಾರಂತೆ. ಎಪ್ಪತ್ತೊಂದನೇ ಇಸವಿಯಾದರೂ ಈ ಲ್ಯಾಬಿನಲ್ಲಿ ಇನ್ನೂ ಕಪ್ಪೆಯೇ ಗತಿ. ಮೂತ್ರವನ್ನು ಗಂಡುಗಪ್ಪೆಗೆ ಚುಚ್ಚುತ್ತಾರೆ. ಹೆಂಗಸು ಬಸುರಿಯಾಗಿದ್ದರೆ ಕೆಲವೇ ತಾಸಿನಲ್ಲಿ ಕಪ್ಪೆಯ ಮೂತ್ರದಲ್ಲಿ ವೀರ್ಯದ ಕಣಗಳು ಕಾಣುತ್ತವೆ. ಆ ಕಪ್ಪೆಗಳನ್ನು ಹಿಡಿದು, ತೊಟ್ಟಿಯಲ್ಲಿ ಹಸಿ ಗೋಣಿ ಹೊದಿಸಿ ಸಾಕುವುದೂ ಇವಳೇ.

"ಕಪ್ಪಿ ಸುಳ್ಳ ಹೇಳಂಗಿಲ್ರಿ. ಆದ್ರ ಅದಕ್ಕ ಎಲ್ಲಾ ಗೊತ್ತಾಗಂಗಿಲ್ಲ," ಅನ್ನುತ್ತಾಳೆ. "ತಿಂಗಳ ತಪ್ಪಿದ ಕೂಡ್ಲೆ ತಂದ್ರ ತಿಳಿಯಂಗಿಲ್ಲ. ಬ್ಯಾಸಗ್ಯಾಗ ಕಪ್ಪಿನೂ ಸೊರಗಿರತಾವ. ನೀರ ಕೂಡಿದ್ರಂತೂ ಮುಗೀತು. ಹೆಂಗಸು ತನ್ನ ಮನ್ಯಾಗ ತಾನ ನೋಡ್ಕೊಳ್ಳೂ ಹಂಗ ಆಗ್ಬೇಕ್ರಿ. ಆಗ ನನ್ನ ಚೀಲಾ ಯಾರಿಗೂ ಬ್ಯಾಡ."

ನೀರು ಕೂಡಿದ್ದು ಇದೇ ಮನೆಯಲ್ಲಿ. ಹೋದ ವರ್ಷ ಸೊಸೆ ಗುರುಬಾಯಿಯ ಬಾಟ್ಲಿ ಅರ್ಧವಷ್ಟೇ ತುಂಬಿತ್ತು. ಕೂಸಿನ ವಿಷಯ, ಅರೆಬರೆ ಪಾತ್ರೆ ಮನೆಯಿಂದ ಹೊರಗೆ ಹೋಗಬಾರದೆಂದು ಮುದುಕವ್ವ ಕೊಡದಿಂದ ನೀರು ಹೊಯ್ದು ಕಂಠಮಟ್ಟ ತುಂಬಿಸಿ ಕಟ್ಟೆಯ ಮೇಲಿಟ್ಟಳು. ಲ್ಯಾಬು "ಇಲ್ಲ" ಎಂದಿತು. ಹಾಗಾದರೆ ನಿಂತ ಮುಟ್ಟು ಬರಲಿ ಎಂದು ಅಂಗಡಿಯ ಗುಳಿಗೆ ನುಂಗಿಸಿದರು. ವಾರದೊಳಗೆ ಗುರುಬಾಯಿಗೆ ರಕ್ತ ಹೋಯಿತು. ಹೋದದ್ದು ಎಳೆಯ ಪಿಂಡವೆಂದು ಸೂಲಗಿತ್ತಿ ಹೇಳಿದಾಗಲೇ ಎಲ್ಲರಿಗೂ ತಿಳಿದದ್ದು. ನೀರಿನ ಮಾತನ್ನು ಆಮೇಲೆ ಗುರುಬಾಯಿಯೇ ಅಳುತ್ತ ಹೇಳಿದಳು. ಗುಳಿಗೆಯಿಂದಲೇ ಹೋಯಿತೋ, ಹೋಗುವುದೇ ಇತ್ತೋ, ಹೇಳುವವರಿಲ್ಲ. ಪರಸವ್ವ ಒಳಗೆ ಹೋಗಿ ಗುರುಬಾಯಿಯನ್ನೇ ಕೇಳುವಂತಿದ್ದರೆ ನೀರಿನ ಮಾತು ಅವತ್ತೇ ತಿಳಿಯುತ್ತಿತ್ತು; ಇದನ್ನು ಬರೆಯುವ ನನಗಂತೂ ಆ ಹೊಸ್ತಿಲಿನ ಮೇಲೆಯೇ ಸಿಟ್ಟು.

ಇವತ್ತು ಮುದುಕವ್ವ ಗೊಣಗುತ್ತಲೇ ಸೊಸೆಯನ್ನು ಕರೆಯುತ್ತಾಳೆ. ಮುಟ್ಟು ನಿಂತು ಬಹಳ ದಿನವಾಗಿಲ್ಲ. ಗುರುಬಾಯಿ ಬಾಟ್ಲಿಯನ್ನು ಪರಸವ್ವನ ಕೈಗೇ ಕೊಡುತ್ತಾಳೆ.

"ನೀರ ಹಾಕೀರೇನ ಬೇ?"

"ಇಲ್ಲ ಯಕ್ಕಾ. ಈ ಸಲ ಯಾರ ಕೈಯಾಗೂ ಕೊಟ್ಟಿಲ್ಲ."

ಸಂಜೆಯ ಬಸ್ಸಿಗೆ ಪರಸವ್ವ ತಿರುಗಿ ಬರುತ್ತಾಳೆ. ಈ ಸಲವೂ ಉತ್ತರ "ಇಲ್ಲ". ಮುದುಕವ್ವ ಒಳಗಿನಿಂದ ಗುಳಿಗೆಯ ಪೊಟ್ಟಣ ತರುತ್ತಾಳೆ. ಮೊದಲೇ ತರಿಸಿಟ್ಟಿದ್ದಾಳೆ.

ಪರಸವ್ವ ಚೀಲವನ್ನು ಕೆಳಗಿಟ್ಟು ಹೊಸ್ತಿಲು ದಾಟುತ್ತಾಳೆ. ಪೊಟ್ಟಣ ಕಸಿದುಕೊಂಡು ಸೆರಗಿಗೆ ಗಂಟು ಹಾಕುತ್ತಾಳೆ.

"ಇಲ್ಲ ಅಂದದ್ದು ಇವತ್ತಿನ ಕಪ್ಪಿ. ಹದಿನೈದ ದಿನ ಬಿಟ್ಟ ಮತ್ತ ನೋಡೂಣು. ಅಲ್ಲೀಮಟ ಇದು ನನ್ನ ಸೆರಗಿನ್ಯಾಗ ಇರ್ಲಿ."

"ಮನಿ ಮೈಲಿಗಿ ಮಾಡಿದೆಲ್ಲ ಲೇ ಪರಸಿ!" ಮುದುಕವ್ವ ಚೀರುತ್ತಾಳೆ.

ಪರಸವ್ವ ದನಿ ಏರಿಸುವುದಿಲ್ಲ. "ತೊಳ್ಕೋರಿ ಯವ್ವಾ. ಕೊಡದಾಗ ನೀರ ಅದಾವಲ್ಲ."