ಬೆಸಾಂವ್ ಕೇಳಿದ ಮೇಲಿನ ಮಾತು

ಮೊನ್ನೆ ಸಂಜೆ ಜಪಸರದ ಪ್ರಾರ್ಥನೆ ಮುಗಿಸಿ ಮೇಣದ ಬತ್ತಿ ಊದಿದಾಗ ಎದ್ದ ಹೊಗೆಯ ವಾಸನೆಗೆ ಮಣಿಪಾಲದ ಕಾಲೇಜಿನ ನಮ್ಮ ಮೇಡಂ ನೆನಪಾದರು... ಅವರಿಗೂ ಮೇಣದ ಬತ್ತಿಗೂ ಏನೂ ಸಂಬಂಧವಿರಲಿಲ್ಲ, ಅವರು ಅಲೆವೂರಿನ ತುಳು ಮನೆಯವರು. ಆದರೆ ಆ ಬತ್ತಿಯ ಎದುರು ನನಗೆ ಬಾಯಿ ಬಂದದ್ದು ಅವರಿಂದ.

ಮನೆಮಂದಿ ಹೇಗೆ ಮಾತಾಡುತ್ತಾರೆ ಎಂಬುದೇ ಅವರ ಸಂಶೋಧನೆ, ಅದೇ ಪಾಠ. ಕಾಪು, ಕಾರ್ಕಳದ ಮನೆಗಳಿಗೆ ಹೋಗಿ, ಚಾ ಕುಡಿದು, ಯಾರು ಯಾರ ಜೊತೆ ಮಾತಾಡುತ್ತಾರೆ, ಯಾರು ಸುಮ್ಮನಿರುತ್ತಾರೆ ಎಂದು ಗಮನಿಸುತ್ತಿದ್ದರು. ಇದಕ್ಕೂ ಒಂದು ಡಿಗ್ರಿಯೇ ಎಂದು ನಾವು ನಗುತ್ತಿದ್ದೆವು. ಅವರಿಗೆ ಬೇಜಾರಿರಲಿಲ್ಲ. ನಾವು ಏನು ಹೇಳಿ ಮುಗಿಸಿದರೂ ಸ್ವಲ್ಪ ಕಾದು, "ಮತ್ತೆ?" ಎನ್ನುತ್ತಿದ್ದರು. ಆ ಒಂದು ಮಾತಿಗೆ ಹುಡುಗಿಯರು ಅತ್ತದ್ದೂ ಉಂಟು.

ನಮ್ಮದು ಬೆಳ್ಮಣ್ಣಿನ ಕೊಂಕಣಿ ಕ್ರೈಸ್ತರ ಮನೆ. ಪಪ್ಪ ಗಲ್ಫಿನಿಂದ ಮರಳಿದ ಮೇಲೂ ನಮ್ಮಿಬ್ಬರ ಮಾತೆಲ್ಲ ಮಮ್ಮಿಯ ಮೂಲಕವೇ. ನೇರವಾಗಿ ಇದ್ದದ್ದು ಜಪದ ನಂತರ ಕೈಮುಗಿದು ಕೇಳುವ ಬೆಸಾಂವ್, ಅಂದರೆ ಆಶೀರ್ವಾದ, ಅಷ್ಟೇ. ಆ ವರ್ಷ ನನಗೆ ಕುವೈತಿನ ಸಂಬಂಧವೊಂದು ಬಂತು. ಪಪ್ಪ ಮಾತು ಕೊಟ್ಟಾಗಿದೆ ಎಂದರು ಮಮ್ಮಿ. ನನಗೆ ಓದು ಮುಂದುವರಿಸುವ ಆಸೆ. ಕ್ಲಾಸಿನಲ್ಲಿ ಮಂಕಾಗಿ ಕುಳಿತಿದ್ದವಳನ್ನು ಮೇಡಂ ಕರೆದು, ಎಲ್ಲವನ್ನೂ ಹೇಳಿಸಿದರು.

"ಅಪ್ಪ ಮಗಳು ಸೇರಿ ಆ ಅಮ್ಮನನ್ನು ಎಷ್ಟು ದಿನ ಪೋಸ್ಟ್‌ಮ್ಯಾನ್ ಮಾಡ್ತೀರಿ ಮಾರಾಯ್ತಿ? ಆಶೀರ್ವಾದ ತಕೊಂಡು ಓಡಬೇಡ. ಅಲ್ಲೇ ನಿಂತು ಇನ್ನೊಂದು ಮಾತು ಹೇಳು."

ಅಂದು ಸಂಜೆ ನಿಂತೆ. "ನನಗೆ ಈ ಮದುವೆ ಬೇಡ ಪಪ್ಪಾ" ಎಂದೆ.

ಪಪ್ಪ ಮಮ್ಮಿಯ ಕಡೆ ತಿರುಗಿದರು. "ಇವಳಿಗೆ ಖುಷಿ ಉಂಟು ಅಂತ ಹೇಳಿದ್ದು ನೀನಲ್ವಾ? ನಾನು ಇನ್ನೂ ಯಾರಿಗೂ ಮಾತು ಕೊಟ್ಟಿಲ್ಲ."

"ನಿಮ್ಮಿಬ್ಬರಿಗೆ ಜಗಳ ಆಗುವುದು ಬೇಡ ಅಂತ..." ಮಮ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ನಮ್ಮ ಮಾತು ಹೊತ್ತು ತರುವಾಗ ನೋಯಿಸುವುದನ್ನೆಲ್ಲ ದಾರಿಯಲ್ಲೇ ಇಳಿಸಿ ಬಿಡುತ್ತಿದ್ದರು, ಈ ಸಲ ಇಬ್ಬರಿಗೂ ಇಲ್ಲದ ಮಾತು ತಲುಪಿಸಿದ್ದರು, ಪಾಪ. ಆ ಸಂಬಂಧ ಅಲ್ಲಿಗೇ ನಿಂತಿತು.

ನಾನೀಗ ಇನ್ನೊಂದು ಕಾಲೇಜಿನಲ್ಲಿ ಅದೇ ಪಾಠ ಮಾಡುತ್ತೇನೆ. ಮೇಡಂ ಹೋದ ವರ್ಷ ತೀರಿಕೊಂಡರು. ಕಷ್ಟದ್ದೇನಾದರೂ ಬಂದರೆ ಈಗಲೂ ಫೋನಿಗೆ ಕೈ ಹೋಗುತ್ತದೆ, ಆಮೇಲೆ ನೆನಪಾಗುತ್ತದೆ... ತುಂಬ ಸಂಕಟವಾಗುತ್ತದೆ.

ಮೊನ್ನೆ ಆ ಹೊಗೆ ಕರಗುವ ಮೊದಲೇ ಮಗಳು ಬಂದು ಬೆಸಾಂವ್ ಕೇಳಿದಳು. ತಲೆಯ ಮೇಲೆ ಕೈಯಿಟ್ಟೆ. ಅವಳು ಹೋಗಲಿಲ್ಲ. ಉಗುರು ಕಚ್ಚುತ್ತ ಅಲ್ಲೇ ನಿಂತಳು. ಏನು ಹೇಳುತ್ತಾಳೋ ಎಂದು ನನಗೇ ಭಯವಾಯಿತು. ಸ್ವಲ್ಪ ಕಾದೆ.

"ಮತ್ತೆ?" ಎಂದೆ.